ಅತಿ ಕಠಿಣ ಮಟ್ಟದಲ್ಲಿ ಒಂದು ಆಟ

(ಇಚಿಲಂಪಾಡಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ 'ಕಂಪ್ಯೂಟರ್ ಆಟಗಳು ಮತ್ತು ನಮ್ಮ ಮಕ್ಕಳು'. ಈ ವಿಷಯದ ಬಗ್ಗೆ ಒಬ್ಬ ಟೀಚರ್ ಏನು ಹೇಳುತ್ತಾರೆಂದು ನಿಮಗೆಲ್ಲ ಮೊದಲೇ ಗೊತ್ತಿದೆ. ಕಣ್ಣು ಹಾಳು, ನಿದ್ದೆ ಹಾಳು, ಓದು ಹಾಳು. ಅದೆಲ್ಲ ಸುಳ್ಳಲ್ಲ. ಆದರೆ ಅದನ್ನೇ ಮತ್ತೊಮ್ಮೆ ಹೇಳಲು ನನ್ನನ್ನು ಇಲ್ಲಿಗೆ ಕರೆಯುವ ಅಗತ್ಯವಿರಲಿಲ್ಲ. ಹಾಗಾಗಿ ಇಂದು ಒಂದೇ ಒಂದು ಆಟದ ಬಗ್ಗೆ, ಅದರಲ್ಲಿಯೂ ಅದರ ಅತಿ ಕಠಿಣ ಮಟ್ಟದ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಮೊದಲೇ ಒಂದು ಮಾತು. ಆಟ ಎಂದ ಕೂಡಲೇ ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. 2020ರಲ್ಲಿ ಸರಕಾರ ನಿಷೇಧಿಸಿದ ಪಬ್‌ಜಿ ಬೇರೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಬೇರೆ. ಹಣದಾಟವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿತು, ಒಳ್ಳೆಯದಾಯಿತು. ನಾನು ಹೇಳಹೊರಟಿರುವುದು ಒಬ್ಬನೇ ಕುಳಿತು ಆಡುವ, ಕಥೆಯೊಳಗೆ ನಾವೇ ಒಂದು ಪಾತ್ರವಾಗಿ ಹೋಗುವ ಆಟ. ಇದರಲ್ಲಿ ಡ್ರಾಗನ್ ಇದೆ, ಮಾಟಗಾರರಿದ್ದಾರೆ, ಹಿಮದ ಬೆಟ್ಟಗಳಿವೆ. ಹೆಸರು ಸ್ಕೈರಿಮ್. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರ ನವೆಂಬರ್ 11ರಂದು ಇದನ್ನು ಬಿಡುಗಡೆ ಮಾಡಿತು. ಅಲ್ಲಿಯ ಲೆಕ್ಕದಲ್ಲಿ 17 ವರ್ಷ ಮೇಲ್ಪಟ್ಟವರ ಆಟ. ಮುಂದಿನ ಸಾಲಿನಲ್ಲಿ ಕುಳಿತಿರುವ ಪುಟ್ಟ ಮಕ್ಕಳು ಇದನ್ನು ಗಮನಿಸಬೇಕು.

ಕಳೆದ ಮಳೆಗಾಲದಲ್ಲಿ ಆಪಾ ನನಗೆ ಫೋನ್ ಮಾಡಿದರು. ಅವರ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಎರಡು ವಿಷಯ ಬ್ಯಾಕ್ ಆಗಿ ಮನೆಗೆ ಬಂದವನು ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದ್ದ. ರಾತ್ರಿ ಮೂರು ಗಂಟೆಯವರೆಗೆ ಲ್ಯಾಪ್‌ಟಾಪ್. "ನೀನು ಟೀಚರ್ ಅಲ್ವಾ, ನಿನ್ನ ಮಾತಾದರೂ ಕೇಳ್ತಾನೋ ನೋಡು. ಇಲ್ಲದಿದ್ದರೆ ಆ ಡಬ್ಬವನ್ನು ಹೊಳೆಗೆ ಎಸೀತೇನೆ" ಎಂದರು. ಹುಡುಗನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಇಷ್ಟು ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೆ ಏನೂ ಪ್ರಯೋಜನವಿಲ್ಲ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು.

ನಾನು ಉಪದೇಶಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವನು ತಲೆ ಎತ್ತದೆ, "ಖಾಲಾ, ಒಂದು ಸಲ ನೀವೇ ಆಡಿ ನೋಡಿ, ಆಮೇಲೆ ಬೈಯಿರಿ" ಎಂದ. ಕುಳಿತೆ. ಹೊಲದ ಆಚೆ ದೈತ್ಯನೊಬ್ಬ ನಿಂತಿದ್ದ. ಮಾತನಾಡಿಸೋಣವೆಂದು ಹತ್ತಿರ ಹೋದೆ. ಅವನು ಗದೆ ಎತ್ತಿ ಒಂದೇ ಏಟು ಹೊಡೆದ. ನಾನು ಮೋಡದವರೆಗೆ ಹಾರಿ ಹೋಗಿ ಕೆಳಗೆ ಬಿದ್ದೆ. ಹುಡುಗ ನಕ್ಕ. ಆ ಮನೆಯಲ್ಲಿ ಅವನು ನಕ್ಕು ತಿಂಗಳಾಗಿತ್ತೆಂದು ಆಪಾ ಆಮೇಲೆ ಹೇಳಿದರು.

ಈ ಆಟದಲ್ಲಿ ಆರು ಮಟ್ಟಗಳಿವೆ. ನೊವೀಸ್‌ನಿಂದ ಆರಂಭವಾಗಿ ಮಾಸ್ಟರ್‌ವರೆಗೆ ಐದು. ಆರನೆಯದು ಲೆಜೆಂಡರಿ. ಇದನ್ನು 2013ರಲ್ಲಿ ಸೇರಿಸಿದರು. ಲೆಜೆಂಡರಿಯಲ್ಲಿ ನಾವು ಕೊಡುವ ಏಟಿನ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಶತ್ರುವಿನ ಏಟು ನಮಗೆ ಮೂರು ಪಟ್ಟು ತಗಲುತ್ತದೆ. ಸಾಮಾನ್ಯ ಮಟ್ಟದಲ್ಲಿ 5 ಏಟಿಗೆ ಬೀಳುವ ತೋಳಕ್ಕೆ ಇಲ್ಲಿ 20 ಏಟು ಬೇಕು. ಅಲ್ಲಿ ನಮ್ಮನ್ನು 9 ಏಟಿನಲ್ಲಿ ಕೊಲ್ಲುವವನು ಇಲ್ಲಿ 3 ಏಟಿನಲ್ಲಿ ಮುಗಿಸುತ್ತಾನೆ. ನಾಲ್ಕು ಮೂರಲೆ ಹನ್ನೆರಡು. ಮಕ್ಕಳೇ, ನಿಮ್ಮ ಗಣಿತದ ಟೀಚರ್ ಇದನ್ನು ಕೇಳಿದರೆ ಸಂತೋಷಪಡುತ್ತಾರೆ. ಈ ಹನ್ನೆರಡು ಪಟ್ಟು ಕಷ್ಟವನ್ನು ಯಾರೂ ಅವನ ಮೇಲೆ ಹೇರಿರಲಿಲ್ಲ. ಅವನೇ ಆರಿಸಿಕೊಂಡಿದ್ದ.

ಹಾಗಾದರೆ ಬದುಕುವುದು ಹೇಗೆ? ಕತ್ತಿ ಹಿಡಿದು ಎದುರು ನಿಲ್ಲುವವನು ಸತ್ತ ಎಂದೇ ಲೆಕ್ಕ. ಮೊದಲ ದಿನಗಳಲ್ಲಿ ಯುದ್ಧವೇ ಬೇಡ. ಹೂ ಕೀಳಬೇಕು. ಹೌದು, ಹೂವು! ಬೆಟ್ಟದಲ್ಲಿ ಒಂದು ನೀಲಿ ಹೂವಿದೆ, ಅದನ್ನು ಗೋಧಿಯೊಂದಿಗೆ ಸೇರಿಸಿದರೆ ಗಾಯ ಮಾಯುವ ಔಷಧಿಯಾಗುತ್ತದೆ. ಯಾವ ಸೊಪ್ಪಿನಲ್ಲಿ ಯಾವ ಗುಣವಿದೆಯೆಂದು ತಿಳಿಯಬೇಕಾದರೆ ಮೊದಲು ಅದನ್ನು ತಿಂದು ನೋಡಬೇಕು, ಆಗ ಒಂದು ಗುಣ ತಿಳಿಯುತ್ತದೆ. ಉಳಿದವನ್ನು ಬೆರೆಸಿ ಬೆರೆಸಿ ಕಂಡುಕೊಳ್ಳಬೇಕು. ಅಡಗಿ ನಡೆಯಲು ಕಲಿಯಬೇಕು. ಕಾಣದಂತೆ ಹೊಡೆದ ಬಾಣಕ್ಕೆ ಎರಡು ಪಟ್ಟು ಬಲ. ವಿದ್ಯೆ ಕಲಿತವನು ಕಿರುಗತ್ತಿಯಿಂದ ಹಿಂದಿನಿಂದ ತಿವಿದರೆ ಹದಿನೈದು ಪಟ್ಟು. ಜೊತೆಗಾರರನ್ನು ಇಟ್ಟುಕೊಳ್ಳಬೇಕು. ಮಂತ್ರದಿಂದ ಸಹಾಯಕನನ್ನು ಕರೆಸಿಕೊಳ್ಳುವ ವಿದ್ಯೆಯೂ ಇದೆ. ನಮ್ಮ ಏಟು ಕಾಲು ಭಾಗವಾದರೂ ಅವನ ಏಟು ಕಡಿಮೆಯಾಗುವುದಿಲ್ಲವಂತೆ.

ಇನ್ನೊಂದು ಸೂಕ್ಷ್ಮವಿದೆ. ಯಾವುದನ್ನು ಮಾಡುತ್ತೀರೋ ಅದರಲ್ಲೇ ನೀವು ಬೆಳೆಯುತ್ತೀರಿ. ಆದರೆ ನಿಮ್ಮ ಒಟ್ಟು ದರ್ಜೆ ಏರಿದಂತೆ ಶತ್ರುಗಳಲ್ಲಿ ಹಲವರೂ ಏರುತ್ತಾರೆ. ಬೀಗ ತೆರೆಯುವುದರಲ್ಲಿ, ಮಾತಿನ ಚಮತ್ಕಾರದಲ್ಲಿ ಮಾತ್ರ ಬೆಳೆದು ದರ್ಜೆ ಏರಿಸಿಕೊಂಡವನು ಒಂದು ದಿನ ಬಾಗಿಲು ತೆರೆದಾಗ ಒಳಗಿರುವವರು ಅವನಿಗಿಂತ ಬಲಿಷ್ಠರಾಗಿರುತ್ತಾರೆ. ಇದನ್ನು ಕೇಳಿ ನನಗೆ, ಅಕ್ಷರ ಗಟ್ಟಿಯಾಗದೆ ವರ್ಷದಿಂದ ವರ್ಷಕ್ಕೆ ಪಾಸಾಗುತ್ತ ಒಂಬತ್ತನೆಯ ತರಗತಿಗೆ ಬಂದು ಕೂರುವ ಮಕ್ಕಳ ಮುಖ ನೆನಪಾಯಿತು.

ಆಟದಲ್ಲಿ ಒಂದು ಎತ್ತರದ ಬೆಟ್ಟವಿದೆ. ಅದರ ಮೇಲೆ ಒಂದು ಮಠ. ಏಳು ಸಾವಿರ ಮೆಟ್ಟಿಲುಗಳೆಂದು ಹೆಸರು, ಎಣಿಸಿದರೆ ಸಾವಿರವೂ ಇಲ್ಲ. ಆದರೂ ನಮ್ಮ ಕುಮಾರ ಪರ್ವತ ಹತ್ತಿದವರಿಗೆ ಆ ದಾರಿಯ ಗುರುತು ಸಿಕ್ಕೀತು, ಹಿಮವೊಂದನ್ನು ಬಿಟ್ಟರೆ. ದಾರಿಯ ಮಧ್ಯೆ ಬಿಳಿ ರೋಮದ ರಾಕ್ಷಸನೊಬ್ಬನಿದ್ದಾನೆ, ಟ್ರಾಲ್ ಎನ್ನುತ್ತಾರೆ. ಅವನ ಗಾಯ ತಾನೇ ಮಾಯುತ್ತದೆ. ಬೆಂಕಿಗೆ ಮಾತ್ರ ಸ್ವಲ್ಪ ಅಂಜುತ್ತಾನೆ. ಲೆಜೆಂಡರಿಯಲ್ಲಿ ಹೊಸಬನಿಗೆ ಅವನು ಸಾವೇ. ನನ್ನ ಅಕ್ಕನ ಮಗ ಎರಡು ರಾತ್ರಿಯಲ್ಲಿ 23 ಸಲ ಅಲ್ಲಿ ಸತ್ತ. ಪ್ರತಿ ಸಲ ಒಂದು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಇಪ್ಪತ್ತನಾಲ್ಕನೆಯ ಸಲ ಬಾಣ ಬಿಡಲಿಲ್ಲ, ಬೆಂಕಿ ಹಚ್ಚಲಿಲ್ಲ. ಔಷಧಿ ಕುಡಿಯುತ್ತ, ಬಂಡೆಯ ಬದಿಯಿಂದ ನುಸುಳಿ, ಮೇಲಕ್ಕೆ ಓಟ ಕಿತ್ತ. ಟ್ರಾಲ್ ಬೆನ್ನಟ್ಟಿ ಬಂತು. ಇವನು ಮಠದ ಬಾಗಿಲೊಳಗೆ ಸೇರಿಕೊಂಡ.

"ಇದು ಹೇಡಿತನ ಅಲ್ವೇನೋ?" ಎಂದೆ.

"ಖಾಲಾ, ನನಗೆ ಕೊಟ್ಟ ಕೆಲಸ ಬೆಟ್ಟ ಹತ್ತೋದು. ಅವನನ್ನು ಕೊಲ್ಲಬೇಕು ಅಂತ ಯಾರು ಹೇಳಿದ್ರು?"

ಉರ್ದು ಓದಿದವರಿಗೆ ಇಲ್ಲಿ ಒಬ್ಬ ಹಳೆಯ ಪರಿಚಯಸ್ಥ ನೆನಪಾಗದೆ ಇರಲಾರ. ಅಮೀರ್ ಹಮ್ಜಾನ ದಾಸ್ತಾನಿನ ಅಮರ್ ಅಯ್ಯಾರ್! ಅಕ್ಬರ್ ಬಾದಶಹ ಬಟ್ಟೆಯ ಮೇಲೆ ಚಿತ್ರ ಬರೆಸಿಕೊಂಡು ಕೇಳುತ್ತಿದ್ದ ಕಥೆಯಿದು. ಇದೇ ದಾಸ್ತಾನಿನ ಬಹು ಪ್ರಸಿದ್ಧ ಭಾಗ 'ತಿಲಿಸ್ಮೆ ಹೋಶ್‌ರುಬಾ'. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಅದನ್ನು ಸಂಪುಟಗಳಲ್ಲಿ ಅಚ್ಚು ಹಾಕಿತು. ಮೊದಲು ಮುಹಮ್ಮದ್ ಹುಸೇನ್ ಜಾಹ್, ಅನಂತರ ಅಹ್ಮದ್ ಹುಸೇನ್ ಕಮರ್ ಬರೆದರು. ತಿಲಿಸ್ಮ್ ಎಂದರೆ ಮಾಟದಿಂದ ಕಟ್ಟಿದ ಲೋಕ, ಒಳಗೆ ಹೊಕ್ಕವನು ಸುಲಭವಾಗಿ ಹೊರಬರಲಾರ. ಅಲ್ಲಿ ಅಫ್ರಾಸಿಯಾಬ್ ಎಂಬ ಮಾಟಗಾರ ಚಕ್ರವರ್ತಿಯ ಮುಂದೆ ಅಮರ್ ಅಯ್ಯಾರನಿಗೆ ಏನಿದೆ? ಸೈನ್ಯವಿಲ್ಲ. ವೇಷ ಬದಲಿಸುತ್ತಾನೆ, ಪಾನಕದಲ್ಲಿ ಮತ್ತಿನ ಮದ್ದು ಬೆರೆಸುತ್ತಾನೆ, ಕಂಬಳಿ ಹೊದ್ದು ಕಣ್ಮರೆಯಾಗುತ್ತಾನೆ. ಅವನ ಹೆಗಲಲ್ಲಿ ಜಂಬೀಲ್ ಎಂಬ ಚೀಲ, ಅದರಲ್ಲಿ ಏನು ತುಂಬಿದರೂ ಹಿಡಿಯುತ್ತದೆ. ಹುಡುಗನಿಗೆ ಇದನ್ನು ಹೇಳಿದಾಗ ಅವನಿಗೆ ಹೊಟ್ಟೆಕಿಚ್ಚಾಯಿತು. ಸ್ಕೈರಿಮ್‌ನ ಚೀಲಕ್ಕೆ ತೂಕದ ಮಿತಿಯಿದೆ, ಮೀರಿದರೆ ಓಡಲಾಗದು.

ತಿಲಿಸ್ಮನ್ನು ಒಡೆಯುವವನಿಗೆ ಬರೇ ಧೈರ್ಯ ಸಾಲದು. ಲೌಹ್ ಎಂಬ ಒಂದು ಫಲಕ ಸಿಗಬೇಕು. ಪ್ರತಿ ಹೆಜ್ಜೆಗೆ ಮುಂಚೆ ಅದನ್ನು ಓದಬೇಕು. ಓದದೆ ಮುಂದೆ ನುಗ್ಗಿದವನು ಸಿಕ್ಕಿಬೀಳುತ್ತಾನೆ. ಸ್ಕೈರಿಮ್‌ನ ಆರಂಭದಲ್ಲೇ ಒಂದು ಗುಹೆಯಿದೆ, ಅದರಲ್ಲಿ ಮೂರು ಚಕ್ರಗಳ ಕಲ್ಲಿನ ಬಾಗಿಲು. ತೆರೆಯಲು ಚಿನ್ನದ ಒಂದು ಪಂಜ ಬೇಕು. ಪಂಜ ಸಿಕ್ಕಿದರೂ ಬಾಗಿಲು ತೆರೆಯದು. ಪಂಜವನ್ನು ತಿರುಗಿಸಿ ಅಂಗೈಯ ಕಡೆ ನೋಡಬೇಕು. ಕರಡಿ, ಪತಂಗ, ಗೂಬೆ ಎಂದು ಕ್ರಮ ಅಲ್ಲೇ ಕೆತ್ತಿದೆ. ನಾನು ಲೌಹ್ ಎಂದು ಕೂಗಿಯೇ ಬಿಟ್ಟೆ. ಆಪಾ ಅಡುಗೆಮನೆಯಿಂದ ಓಡಿ ಬಂದರು.

ಈಗ ಆ ಪುಸ್ತಕದ ವಿಷಯ. ಮರುದಿನ ಅವನು ಮಲಗಿದ್ದಾಗ ತೆರೆದು ನೋಡಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಆಟ ಪೂರ್ತಿ ಇಂಗ್ಲಿಷ್‌ನಲ್ಲಿದೆ, ಅದರೊಳಗೆ ಓದುವ ಪುಸ್ತಕಗಳೇ ನೂರಾರು. ಫಾರ್ಟಿಫೈ, ರೆಸಿಸ್ಟ್, ರಿಜನರೇಟ್ ಎಂದೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಎದುರಿಗೆ ಅರ್ಥ ಬರೆದಿದ್ದ. ಸುಮಾರು 60 ಪುಟ. ಪ್ರತಿ ಸಾವಿಗೆ ಒಂದು ಸಾಲು: 'ತಡವಾಗಿ ಔಷಧಿ ಕುಡಿದೆ', 'ಬಲಗಡೆ ಓಡಬಾರದಿತ್ತು'. ಇದೇ ಹುಡುಗ ಏಳನೆಯ ತರಗತಿಯಲ್ಲಿದ್ದಾಗ ರಜೆಯಲ್ಲಿ ನಾನು ಅವನಿಗೆ ಕನ್ನಡ ಪಾಠ ಹೇಳಿಕೊಟ್ಟಿದ್ದೆ. ಮೂರು ವಾರದ ಬಳಿಕ, ಅವನ ಎದುರಿಗೇ, "ಆಪಾ, ಇವನಿಗೆ ಓದುವ ತಾಳ್ಮೆ ಇಲ್ಲ" ಎಂದು ಹೇಳಿ ಕೈ ತೊಳೆದುಕೊಂಡಿದ್ದೆ. ಬಿ.ಎಡ್.ನಲ್ಲಿ ಮಕ್ಕಳ ಮನಃಶಾಸ್ತ್ರ ಓದಿ ಒಳ್ಳೆಯ ಅಂಕ ಪಡೆದವಳು ನಾನು. ಆ ಪುಸ್ತಕವನ್ನು ಮುಚ್ಚಿ ಇಟ್ಟಾಗ ನನಗೆ ಆ ಮಾತು ನೆನಪಿತ್ತು. ಅವನಿಗೂ ನೆನಪಿದೆಯೇ ಎಂದು ಕೇಳುವ ಧೈರ್ಯ ಅಂದು ಬರಲಿಲ್ಲ. ಎರಡು ದಿನದ ನಂತರ ಕೇಳಿದೆ. ನೆನಪಿತ್ತು.

"ಇಷ್ಟು ಬರೆಯುವವನು ಪರೀಕ್ಷೆಗೆ ಯಾಕೆ ಓದುವುದಿಲ್ಲ?" ಎಂದೆ. ಅವನು ಹೇಳಿದ: "ಇಲ್ಲಿ ಸತ್ತರೆ ಯಾಕೆ ಸತ್ತೆ ಅಂತ ಆಗಲೇ ಗೊತ್ತಾಗ್ತದೆ. ಸ್ವಲ್ಪ ಹಿಂದಿನಿಂದ ಮತ್ತೆ ಶುರು ಮಾಡಬಹುದು. ಅಲ್ಲಿ ಎರಡು ತಿಂಗಳ ಮೇಲೆ ಒಂದು ನಂಬರ್ ಬರ್ತದೆ, ಅಷ್ಟೆ. ಎಲ್ಲಿ ತಪ್ಪಿತು ಅಂತ ಯಾರೂ ಹೇಳೋದಿಲ್ಲ."

ಕಷ್ಟವೇ ಮಕ್ಕಳನ್ನು ಗಟ್ಟಿ ಮಾಡುತ್ತದೆಂದು ನಾವು ಸಭೆಗಳಲ್ಲಿ ಹೇಳುತ್ತಿರುತ್ತೇವೆ. ನಾನೂ ಹೇಳಿದ್ದೇನೆ. ಆದರೆ ಇದೇ ಹುಡುಗ ಮಂಗಳೂರಿನಲ್ಲಿ ಗೆಳೆಯನ ರೂಮಿನಲ್ಲಿ ಬಾಲ್ಡರ್ಸ್ ಗೇಟ್ ತ್ರೀ ಎಂಬ ಇನ್ನೊಂದು ಆಟ ಆಡಿದ್ದ. ಬೆಲ್ಜಿಯಂನ ಲಾರಿಯನ್ ಸಂಸ್ಥೆಯದು, 2023ರಲ್ಲಿ ಬಂದದ್ದು. ಅದೇ ವರ್ಷದ ನವೆಂಬರ್ ಕೊನೆಗೆ ಅದಕ್ಕೆ ಆನರ್ ಮೋಡ್ ಎಂಬ ಮಟ್ಟ ಸೇರಿಸಿದರು. ಅದರಲ್ಲಿ ಒಂದೇ ಒಂದು ಸೇವ್. ತಂಡದ ನಾಲ್ವರೂ ಸತ್ತರೆ ಆ ಮಟ್ಟದ ಪ್ರಯತ್ನ ಅಲ್ಲಿಗೇ ಮುಗಿಯಿತು. ಗೆದ್ದವನಿಗೆ ಸಿಗುವುದು ಚಿನ್ನದ ಬಣ್ಣದ ಒಂದು ದಾಳ. ಇವನು 40 ಗಂಟೆಗೂ ಹೆಚ್ಚು ಆಡಿ, ಒಂದು ಅವಸರದ ನಿರ್ಧಾರಕ್ಕೆ ಎಲ್ಲವನ್ನೂ ಕಳೆದುಕೊಂಡ. ಒಂದು ವಾರ ಯಾವ ಆಟವನ್ನೂ ಮುಟ್ಟಲಿಲ್ಲ, ಏನನ್ನೂ ಬರೆಯಲೂ ಇಲ್ಲ. "ರಿಸಲ್ಟ್ ದಿನದ ಹಾಗೇ ಇತ್ತು ಖಾಲಾ" ಎಂದ. ಎರಡೂ ಕಠಿಣವೇ. ಒಂದರಲ್ಲಿ 23 ಸಲ ಬಿದ್ದು ಎದ್ದವನು ಇನ್ನೊಂದರಲ್ಲಿ ಒಂದೇ ಸಲಕ್ಕೆ ಮಲಗಿದ. ನಮ್ಮ ಶಾಲೆಗಳು ಇವೆರಡರಲ್ಲಿ ಯಾವುದರ ಹಾಗಿವೆ ಎಂದು ನಾನು ಶಾಲೆಗೆ ಮರಳಿದ ಮೇಲೆ ಬಹಳ ಯೋಚಿಸಿದೆ.

ಎಂಟನೆಯ ತರಗತಿಯ ಕನ್ನಡ ಕಿರುಪರೀಕ್ಷೆಯಲ್ಲಿ ಒಂದು ಬದಲಾವಣೆ ಮಾಡಿದೆ. ಅಂಕ ಹಾಕದೆ, ಎಲ್ಲಿ ತಪ್ಪಿತೆಂದು ಮಾತ್ರ ಗುರುತಿಸಿ ಮರುದಿನವೇ ಉತ್ತರ ಪತ್ರಿಕೆ ಹಿಂದಿರುಗಿಸಿ, ಅದೇ ಪ್ರಶ್ನೆಗೆ ಮತ್ತೆ ಬರೆಯಲು ಹೇಳಿದೆ. ಕೆಲವರು ಮೂರು ಸಲ ಬರೆದರು. ಕೆಲವರು ಪತ್ರಿಕೆಯನ್ನು ತಿರುಗಿಸಿಯೂ ನೋಡಲಿಲ್ಲ. 48 ಮಕ್ಕಳ ಪತ್ರಿಕೆಯನ್ನು ಒಂದೇ ರಾತ್ರಿಯಲ್ಲಿ ತಿದ್ದಿ ನನಗೆ ತಲೆನೋವು ಬಂತು. ಪ್ರತಿ ವಾರ ಇದು ಸಾಧ್ಯವಿಲ್ಲ, ಸುಳ್ಳು ಹೇಳಲಾರೆ. ತಿಂಗಳಿಗೊಮ್ಮೆ ಮಾಡುತ್ತಿದ್ದೇನೆ.

ಲ್ಯಾಪ್‌ಟಾಪ್ ಹೊಳೆ ಸೇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಮುಚ್ಚಬೇಕೆಂದು ಆಪಾ ಷರತ್ತು ಹಾಕಿದ್ದಾರೆ, ಅದು ನ್ಯಾಯವೇ. ಹುಡುಗ ಕಾಲೇಜಿಗೆ ಹೋಗುತ್ತಿದ್ದಾನೆ. ಬ್ಯಾಕ್ ಇದ್ದ ಎರಡು ವಿಷಯಗಳಲ್ಲಿ ಒಂದನ್ನು ಮತ್ತೆ ಬರೆದಿದ್ದಾನೆ, ಫಲಿತಾಂಶ ಬಂದಿಲ್ಲ. ಹಳೆಯ ಉತ್ತರ ಪತ್ರಿಕೆಯ ನಕಲು ತರಿಸಿ, ಎಲ್ಲೆಲ್ಲಿ ತಪ್ಪಿತೆಂದು ಅದೇ ಪುಸ್ತಕದಲ್ಲಿ, ಟ್ರಾಲ್‌ನ ಮುಂದಿನ ಪುಟದಲ್ಲಿ ಬರೆದುಕೊಂಡಿದ್ದಾನೆ. ಇನ್ನೊಂದು ವಿಷಯ ಬಹಳ ಕಷ್ಟವಂತೆ, ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ನನಗೂ ಅವನು ಒಂದು ಪಾತ್ರ ಮಾಡಿಕೊಟ್ಟಿದ್ದಾನೆ, ಲೆಜೆಂಡರಿಯಲ್ಲೇ. ರಜೆಯಲ್ಲಿ ಅಲ್ಲಿಗೆ ಹೋದಾಗ ಅರ್ಧ ಗಂಟೆ ಆಡುತ್ತೇನೆ. ನೀಲಿ ಹೂವು ಬೇಕಾದಷ್ಟು ಕೂಡಿಟ್ಟಿದ್ದೇನೆ. ಕಳೆದ ಭಾನುವಾರ ಟ್ರಾಲ್‌ನ ಬದಿಯಿಂದ ನುಸುಳಿ ಅರ್ಧ ದಾರಿ ಓಡಿದ್ದೆ, ಅಷ್ಟರಲ್ಲಿ ಗುಡುಗು ಬಂದು ಕರೆಂಟ್ ಹೋಯಿತು. ಆ ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಐದು ನಿಮಿಷವೂ ನಿಲ್ಲುವುದಿಲ್ಲ. ಇಂದು ಸಭೆ ಮುಗಿಸಿ ಅವರ ಮನೆಗೇ ಹೋಗುವವಳಿದ್ದೇನೆ.