ಗೆಲುವಿನ ಹಿಂದೆ ಒಂದು ಮೈದಾನ



ಸಣ್ಣ ತಂಡವೊಂದು ದೊಡ್ಡವರನ್ನು ಮಣಿಸಿದ ಕಥೆ ಎಲ್ಲ ದೇಶಗಳಲ್ಲೂ ಉಂಟು. ಅಮೆರಿಕದವರು 1921ನೇ ಇಸವಿಯ ಮಾತು ಹೇಳುತ್ತಾರೆ. ಅವರ ಫುಟ್‌ಬಾಲ್ ಬೇರೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಮೈಮೇಲೆ ಬಿದ್ದು ಕೆಡಹುವ ಆಟ ಅದು. ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನ ಸೆಂಟರ್ ಕಾಲೇಜಿನಲ್ಲಿ ಆಗ ಇದ್ದವರು ಮುನ್ನೂರಕ್ಕೂ ಕಡಿಮೆ ವಿದ್ಯಾರ್ಥಿಗಳು. ಆ ವರ್ಷದ ಅಕ್ಟೋಬರ್ 29ರಂದು ಈ ಕಾಲೇಜು ಹೆಸರಾಂತ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು 6-0ರಿಂದ ಸೋಲಿಸಿತು.

ನಮ್ಮ ಕಡೆ ಇಂಥದು ನಡೆದಿಲ್ಲವೇ? ನಡೆದಿದೆ. ಮುಂಬೈಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಎದುರಾದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದ, ದೇಶದಲ್ಲೇ ಬಲಿಷ್ಠವೆನಿಸಿದ್ದ ತಂಡ ಅದು. ಮರುವರ್ಷ 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. 1948ರಲ್ಲಿ ಮತ್ತೊಮ್ಮೆ ಬಂತು.

ಈ ಗೆಲುವು ಆಕಾಶದಿಂದ ಉದುರಿದ್ದಲ್ಲ. 1809ರಿಂದ ಬೆಂಗಳೂರಿನಲ್ಲಿ ದಂಡು ಇತ್ತು. ಸಿಪಾಯಿಗಳು ಆಡುತ್ತಿದ್ದ ಆಟವನ್ನು ಪೇಟೆಯ ಹುಡುಗರು ಬೇಲಿಯಾಚೆ ನಿಂತು ನೋಡಿ ಕಲಿತರು, ಆಮೇಲೆ ಅವರ ಎದುರೇ ಆಡಿದರು. ಬಲವಾದ ಎದುರಾಳಿ ಪಕ್ಕದಲ್ಲೇ ಇದ್ದುದು ಅವರ ಭಾಗ್ಯ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎಲ್ಲದಕ್ಕೂ ಹಿನ್ನೆಲೆ ಆ ಮೈದಾನಗಳೇ.

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಬೌರಿಂಗ್‌ಪೇಟೆ ಎನಿಸಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಕವಲೊಡೆದ ರೈಲು ಹಾದಿ ಹುಟ್ಟಿದ್ದೇ ಚಿನ್ನಕ್ಕಾಗಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು. ಗಣಿ ನಡೆಸಿದ ಇಂಗ್ಲಿಷರು ಕ್ಲಬ್ಬು, ಆಟಗಳನ್ನೂ ಜತೆಗೆ ತಂದರು. ಮನೆ, ನೀರು, ಆಸ್ಪತ್ರೆಗಳಂತೆ ಆಟದ ಬಯಲನ್ನೂ ಜನ ಕಂಪನಿಯ ಕಡೆಯಿಂದಲೇ ನಿರೀಕ್ಷಿಸುವಂತಾಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಸಾವಿರಾರು ಮಂದಿ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮರಳುವ ಹೊತ್ತಿಗೆ ಕತ್ತಲು. ಆಡುವ ವಯಸ್ಸಿನವರಿಗೆ ಸಂಜೆಯೇ ಇಲ್ಲವಾದರೆ ತಂಡ ಕಟ್ಟುವುದು ಹೇಗೆ?

ಸೆಂಟರ್ ಕಾಲೇಜು ಇಂದು ದೊಡ್ಡ ತಂಡಗಳ ಸಾಲಿನಲ್ಲಿಲ್ಲ. ಆದರೂ ಅಲ್ಲಿ ಆಟ ನಿಂತಿಲ್ಲ. ಗೆದ್ದ ವರ್ಷ ಮತ್ತೆ ಬರುತ್ತದೋ ಇಲ್ಲವೋ, ಅದು ಯಾರ ಕೈಯಲ್ಲೂ ಇಲ್ಲ. ಬಯಲೊಂದನ್ನು ಖಾಲಿಯಾಗಿ ಉಳಿಸಿಕೊಳ್ಳುವುದು, ಮಕ್ಕಳಿಗೊಂದು ಚೆಂಡು ಕೊಡಿಸುವುದು ಮಾತ್ರ ಊರಿನವರ ಕೈಯಲ್ಲಿದೆ.