ಹೊಲ ಅಡವಿಡುವ ಮುಂಚೆ ಇಂಜಿನ್ ಬಿಚ್ಚಿಸಿ



ಟ್ರಾಕ್ಟರು ಹೊಗೆ ಕಾರಿತು ಅಂತ ಪಹಣಿ ಹಿಡಿದು ಬ್ಯಾಂಕಿಗೆ ಓಡಬೇಡಿ. ಪಿಂಜೋರಿನಲ್ಲಿ 1971ರಿಂದ ಟ್ರಾಕ್ಟರು ಮಾಡಿದ ಎಚ್.ಎಂ.ಟಿ. ವಿಭಾಗವನ್ನು 2016ರಲ್ಲಿ ಸರ್ಕಾರ ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೇನು, ಇಂಜಿನ್ನಿಗೆ ಜೀವ ತುಂಬಬಹುದು.

ಕಪ್ಪು ಹೊಗೆಯಾದರೆ ಮೊದಲು ಏರ್ ಕ್ಲೀನರು, ನಾಜಲ್ ನೋಡಿಸಿ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಲೈನರು, ಪಿಸ್ಟನ್ನು, ರಿಂಗು ಸವೆದಿರಬಹುದು. ಕ್ರಾಂಕಿನ ಅಳತೆ ತೆಗೆಸದೆ ಬೇರಿಂಗು ಕೊಳ್ಳಬೇಡಿ. ಗ್ರೈಂಡ್ ಮಾಡಿಸಿದರೆ ಅದಕ್ಕೆ ತಕ್ಕ ಅಂಡರ್‌ಸೈಜೇ ಬೇಕು. ಖರ್ಚನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಬಿಚ್ಚಿದ ಹಳೇ ಸಾಮಾನು ಕೇಳಿ ಪಡೆಯಿರಿ. ಆಮೇಲೆ ಧೂಳು ಒಳಗೆ ಬಿಟ್ಟರೆ ಹೊಸ ಲೈನರೂ ಉಳಿಯದು.

ನಾವು ಬೆಳೆದದ್ದಕ್ಕೆ ಬೆಲೆ ಕಟ್ಟುವವರು ಬೇರೆಯವರು. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಾದರೂ ನಮ್ಮ ಕೈಲಿದೆಯಲ್ಲ! ಒತ್ತುವ ಮುಂಚೆ ಎರಡೂ ಖರ್ಚು ಲೆಕ್ಕ ಹಾಕಿರಿ.