ಕುದಿಸಿದರೆ ಹೋಗುವುದು, ಹೋಗದಿರುವುದು

(ಬಳಗದ ಮಳೆಗಾಲದ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



‘ಆಹಾರದಲ್ಲಿ ಸೇರುವ ವಿಷ ಮತ್ತು ರೋಗಾಣು’ ಎಂಬ ವಿಷಯವಾಗಿ ಮಾತನಾಡಬೇಕೆಂದು ಬಳಗದವರು ನನ್ನನ್ನು ಕೇಳಿದ್ದಾರೆ. ವಿಷಯ ಬಹಳ ದೊಡ್ಡದು. ಅಕ್ಕಿ, ತರಕಾರಿ, ಮೀನು, ಎಣ್ಣೆ ಒಂದೊಂದರ ಕುರಿತೂ ಒಂದೊಂದು ದಿನ ಮಾತನಾಡಬಹುದು. ನಾನು ಬಲ್ಲದ್ದು ಹಾಲೊಂದೇ. ಆದುದರಿಂದ ಹಾಲನ್ನು ಬಿಟ್ಟು ಆಚೆ ಹೋಗುವುದಿಲ್ಲ.

ನಾನು ಓದಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ. 1958ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ನಾವಿದ್ದ ಕಾಲಕ್ಕೆ ಸುತ್ತಲೂ ಇನ್ನೂ ಹೊಲ, ತೋಟ, ಕೆರೆ ಕಾಣುತ್ತಿದ್ದವು. ಈಗ ಅಲ್ಲಿ ಮೇಲ್ಸೇತುವೆಗಳ ಮೇಲೆ ಮೇಲ್ಸೇತುವೆ. ಅಲ್ಲಿಯೇ ಒಂದು ಪ್ರಯೋಗದ ತರಗತಿಯಲ್ಲಿ ನಾನು ಮೊದಲ ಸಲ ‘ಹಾಲಿನ ಬಳೆ ಪರೀಕ್ಷೆ’ಯನ್ನು ನೋಡಿದೆ. ಸಣ್ಣ ಗಾಜಿನ ಪ್ರಣಾಳದಲ್ಲಿ ಒಂದು ಮಿಲಿಲೀಟರ್ ಹಾಲು. ಅದಕ್ಕೆ ಬಣ್ಣ ಹಚ್ಚಿದ ಸತ್ತ ರೋಗಾಣುಗಳ ದ್ರಾವಣದ ಒಂದು ಹನಿ. ಮೈಯ ಶಾಖದಷ್ಟು ಬೆಚ್ಚಗೆ ಒಂದು ಗಂಟೆ ಇಟ್ಟು ನೋಡಿದರೆ, ಆರೋಗ್ಯವಂತ ಹಸುವಿನ ಹಾಲು ಉದ್ದಕ್ಕೂ ತಿಳಿನೀಲಿಯಾಗಿ, ಕೆನೆ ಮಾತ್ರ ಬಿಳಿಯಾಗಿ ಉಳಿದಿತ್ತು. ಇನ್ನೊಂದು ಪ್ರಣಾಳದಲ್ಲಿ ಹಾಲು ಬೆಳ್ಳಗೇ ಇದ್ದು, ಮೇಲಿನ ಕೆನೆಯಲ್ಲಿ ನೀಲಿಯ ಬಳೆಯೊಂದು ಕಟ್ಟಿತ್ತು. ಆ ಹಸುವಿನ ಹಾಲಿನಲ್ಲಿ ರೋಗಾಣುವಿಗೆ ಎದುರಾಗಿ ಮೈ ಹುಟ್ಟಿಸಿಕೊಂಡ ಪ್ರತಿಕಾಯಗಳಿದ್ದವು. ಅವು ಬಣ್ಣದ ರೋಗಾಣುಗಳನ್ನು ಹಿಡಿದು ಗುಂಪುಗೂಡಿಸಿ ಕೆನೆಯ ಜೊತೆಗೆ ಮೇಲಕ್ಕೆ ಒಯ್ದಿದ್ದವು. ಎರಡೂ ಹಾಲಿನ ರುಚಿ, ವಾಸನೆ, ಬಣ್ಣ ಒಂದೇ ಎಂದು ಮೇಷ್ಟರು ಹೇಳಿದ್ದು ಇನ್ನೂ ನೆನಪಿದೆ.

ಆ ರೋಗದ ಹೆಸರು ಬ್ರುಸೆಲ್ಲೋಸಿಸ್. ಕನ್ನಡದಲ್ಲಿ ಕಂದು ರೋಗ ಎನ್ನುತ್ತಾರೆ. ಗಬ್ಬದ ಹಸು ಆರು, ಏಳು, ಎಂಟನೆಯ ತಿಂಗಳಿನಲ್ಲಿ ಕಂದು ಹಾಕುತ್ತದೆ. ಅನಂತರ ಕಸ ಬೀಳುವುದಿಲ್ಲ. ಮುಂದಿನ ಸಲ ಅದೇ ಹಸು ಸರಿಯಾಗಿಯೇ ಕರು ಹಾಕಬಹುದು. ಆದ್ದರಿಂದಲೇ ನಮ್ಮ ಜನ ಇದನ್ನು ದೃಷ್ಟಿ ತಾಗಿದ್ದು, ಜಾರಿ ಬಿದ್ದದ್ದು, ಏನೋ ಸೊಪ್ಪು ತಿಂದದ್ದು ಎಂದುಕೊಂಡು ಮರೆಯುತ್ತಾರೆ. ಕಂದು ಹಾಕಿದ ಹಸುವೆಲ್ಲಕ್ಕೂ ಈ ರೋಗವಿದೆಯೆಂದು ನಾನು ಹೇಳುತ್ತಿಲ್ಲ. ಬೇರೆ ಕಾರಣಗಳೂ ಉಂಟು. ಆದರೆ ಇದನ್ನು ಪರೀಕ್ಷಿಸದೆ ಬೇರೆಯದೆಂದು ಹೇಳುವಂತಿಲ್ಲ.

ಮನುಷ್ಯನಿಗೆ ಇದು ಬರುವುದು ಎರಡು ದಾರಿಯಲ್ಲಿ. ಹಸಿಹಾಲು ಒಂದು ದಾರಿ. ಕಂದು ಹಾಕಿದ ಹಸುವಿನ ಕಸ, ನೀರು, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟುವುದು ಇನ್ನೊಂದು. ಎರಡನೆಯದಕ್ಕೆ ನಾನೇ ಸಾಕ್ಷಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಘಟ್ಟದ ಮೇಲಿನ ಒಂದು ಮನೆಯಲ್ಲಿ, ರಾತ್ರಿ ಲಾಟೀನಿನ ಬೆಳಕಿನಲ್ಲಿ ಹಸುವಿನ ಕಸ ತೆಗೆದೆ. ಕೈಗವಸು ಇರಲಿಲ್ಲ, ಇದ್ದಿದ್ದರೂ ಹಾಕಿಕೊಳ್ಳುತ್ತಿದ್ದೆನೆಂದು ಧೈರ್ಯವಾಗಿ ಹೇಳಲಾರೆ. ಮೂರು ವಾರದ ಅನಂತರ ಜ್ವರ ಬಂತು. ಸಂಜೆ ಏರುವುದು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿ ಇಳಿಯುವುದು, ನಾಲ್ಕು ದಿನ ಇಲ್ಲವೇ ಇಲ್ಲವೆನ್ನುವಂತಿದ್ದು ಮತ್ತೆ ಬರುವುದು. ಸೊಂಟ, ಕೀಲುಗಳು ಹಿಡಿದುಹೋದವು. ಟೈಫಾಯಿಡ್ ಎಂದು ಎರಡು ತಿಂಗಳು ಮದ್ದು ನಡೆಯಿತು. ಕೊನೆಗೆ ಬೆಂಗಳೂರಿಗೆ ಹೋದಾಗ ಹಳೆಯ ಸಹಪಾಠಿಯೊಬ್ಬ, “ಬರಿಗೈಯಲ್ಲಿ ಕಸ ತೆಗೆದೆಯೇನೋ?” ಎಂದು ಕೇಳಿದ. ರಕ್ತದ ಸೀರಮ್ಮಿನ ಹನಿಯೊಂದನ್ನು ಗುಲಾಬಿ ಬಣ್ಣದ ದ್ರಾವಣದೊಂದಿಗೆ ಬೆರೆಸಿ ನನ್ನ ಕಣ್ಣೆದುರಿಗೇ ತಟ್ಟೆಯನ್ನು ಅಲುಗಿಸಿದ. ನಾಲ್ಕು ನಿಮಿಷವೂ ಆಗಿರಲಿಲ್ಲ, ಮೊಸರು ಒಡೆದಂತೆ ಹರಳು ಹರಳಾಯಿತು. ಆರು ವಾರ ಎರಡು ಬಗೆಯ ಮಾತ್ರೆ ನುಂಗಿ ಗುಣವಾದೆ. ನಡುವೆ ಬಿಟ್ಟರೆ ಈ ಜ್ವರ ಮರುಕಳಿಸುತ್ತದೆ, ಅದನ್ನು ಮರೆಯಬೇಡಿ.

ನನ್ನ ಮನಸ್ಸಿಗೆ ಇಂದಿಗೂ ಚುಚ್ಚುವುದು ಜ್ವರವಲ್ಲ. ಆ ಹಸುವಿನ ರಕ್ತವನ್ನು ಪರೀಕ್ಷೆಗೆ ಕಳುಹಿಸಲು ನಾನು ಎರಡು ವಾರ ತಡಮಾಡಿದೆ. ಫಲಿತಾಂಶ ಬರುವಷ್ಟರಲ್ಲಿ ಮನೆಯವರು, ಕಂದು ಹಾಕಿದ ಹಸು ಲಾಭವಿಲ್ಲವೆಂದು ಸಂತೆಗೆ ಹೊಡೆದುಬಿಟ್ಟಿದ್ದರು. ಅದು ಯಾರ ಕೊಟ್ಟಿಗೆ ಸೇರಿತೋ ತಿಳಿಯಲಿಲ್ಲ. ಆ ಮನೆಯ ಕೊಟ್ಟಿಗೆ ಕೆಲಸದ ಹೆಂಗಸಿಗೂ ಮುಂದೆ ಅದೇ ಬಗೆಯ ಜ್ವರ ಬಂದಿತ್ತೆಂದು ಕೇಳಿದೆ. ನಾನು ಮಲಗಿದ್ದರಿಂದ ಹೋಗಿ ನೋಡಲಿಲ್ಲ. ಎದ್ದ ಮೇಲೂ ಹೋಗಲಿಲ್ಲ.

ಈ ರೋಗದ ಮೂಲ ಪತ್ತೆಯಾದ ಕಥೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಇಂಥದೇ ಏರಿಳಿಯುವ ಜ್ವರದಿಂದ ಮಲಗುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯರು ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದರು. ಅದು ಬರುವುದೆಲ್ಲಿಂದ ಎಂದು ತಿಳಿಯಲು ಮತ್ತೆ 18 ವರ್ಷ ಬೇಕಾಯಿತು. ಮಾಲ್ಟಾದ ಬೀದಿಗಳಲ್ಲಿ ಆಡುಗಳನ್ನು ಮನೆಬಾಗಿಲಿಗೇ ಹೊಡೆದುಕೊಂಡು ಬಂದು ಕರೆದುಕೊಡುವ ರೂಢಿ. ಕಣ್ಣೆದುರಿಗೆ ಕರೆದ ಹಾಲಿಗಿಂತ ಶುದ್ಧವಾದದ್ದು ಯಾವುದಿದೆ? 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಎಂಬ ವೈದ್ಯರು, ನೋಡಲು ದುಂಡುದುಂಡಾಗಿದ್ದ ಆಡುಗಳ ರಕ್ತದಲ್ಲಿಯೇ ಸೋಂಕಿನ ಗುರುತನ್ನು ಕಂಡರು. 1906ರಲ್ಲಿ ಸೈನಿಕರಿಗೆ ಆಡಿನ ಹಾಲನ್ನು ನಿಲ್ಲಿಸಿದೊಡನೆ ಸೈನ್ಯದಲ್ಲಿ ಜ್ವರ ಇಳಿದುಹೋಯಿತು. ಊರಿನವರು ಮಾತ್ರ ಬಹುಕಾಲ ಅದೇ ಹಾಲನ್ನು ಕುಡಿದು ಅದೇ ಜ್ವರವನ್ನು ಅನುಭವಿಸಿದರು. ಸಂಶೋಧನೆ ನಡೆದದ್ದು ಅವರ ಆಡುಗಳ ಮೇಲೆ, ಪ್ರಯೋಜನ ಮೊದಲು ದೊರೆತದ್ದು ಸೈನಿಕರಿಗೆ.

ನಮ್ಮಲ್ಲಿಯೂ ಇಂಥ ಸಂಶೋಧನೆಗೆ ಕೊರತೆಯಿಲ್ಲ. ಪ್ರಾಣಿರೋಗಗಳ ಸಮೀಕ್ಷೆಗಾಗಿ 1987ರಲ್ಲಿ ಹುಟ್ಟಿದ ಅಖಿಲ ಭಾರತ ಯೋಜನೆಯು ಹೆಬ್ಬಾಳದಲ್ಲಿ ಬೆಳೆದು, 2013ರಲ್ಲಿ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ಈಗ ಅದು ಯಲಹಂಕದ ರಾಮಗೊಂಡನಹಳ್ಳಿಯಲ್ಲಿದೆ. ದೇಶದ ನಾನಾ ಕಡೆಗಳಿಂದ ಬಂದ ಸೀರಮ್ ಮಾದರಿಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ಕಂದು ರೋಗವನ್ನು ಪತ್ತೆ ಮಾಡುವ ಪರೀಕ್ಷಾ ಕಿಟ್‌ಗಳನ್ನೂ ಅಲ್ಲಿಯ ವಿಜ್ಞಾನಿಗಳು ರೂಪಿಸಿದ್ದಾರೆ. ಒಳ್ಳೆಯ ಕೆಲಸ. ಆದರೆ ಅಲ್ಲಿ ತಿಳಿದದ್ದು ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಗದ್ದೆಯಂಚಿನ ಕೊಟ್ಟಿಗೆಗೆ ಬಂದು ಕನ್ನಡದಲ್ಲಿ ಹೇಳುವವರು ಕಡಿಮೆ. ಈ ದೂರನ್ನು ನಾನು ನನ್ನ ಮೇಲೂ ಹೊರಿಸಿಕೊಳ್ಳುತ್ತೇನೆ.

ಇನ್ನು ಬೆಂಕಿಯ ಮಾತು. ಈ ರೋಗಾಣು ಬಿಸಿಗೆ ನಿಲ್ಲುವುದಿಲ್ಲ. ಡೇರಿಗಳಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಒಮ್ಮೆಲೆ ತಣಿಸುತ್ತಾರೆ. ಅಷ್ಟಕ್ಕೇ ಇದು ಸಾಯುತ್ತದೆ. ಕ್ಷಯದ ರೋಗಾಣುವೂ ಸಾಯುತ್ತದೆ. ಮನೆಯ ಒಲೆಯ ಮೇಲೆ ಉಕ್ಕು ಬರುವಂತೆ ಕಾಯಿಸಿದರೆ ಇನ್ನೂ ಭದ್ರ. ನಮ್ಮ ಅಜ್ಜಿಯಂದಿರು ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆದ ಕ್ರಮದಲ್ಲಿ ಈ ರಕ್ಷಣೆ ತಾನಾಗಿಯೇ ಇತ್ತು. ತಪ್ಪು ನಡೆಯುವುದು ಮಕ್ಕಳಿಗೆ ಪುಷ್ಟಿಯೆಂದು ಕೊಟ್ಟಿಗೆಯಲ್ಲಿಯೇ ನೊರೆಹಾಲು ಕುಡಿಸುವಾಗ, ಪಂಚಾಮೃತಕ್ಕೆ ಹಸಿಹಾಲು ಬಳಸುವಾಗ. ಇತ್ತೀಚೆಗೆ ಯಲಹಂಕ, ಹೆಬ್ಬಾಳದ ಕಡೆಯ ಬಹುಮಹಡಿ ಮನೆಗಳಿಗೆ ಗಾಜಿನ ಬಾಟಲಿಗಳಲ್ಲಿ ‘ನೈಸರ್ಗಿಕ ಹಸಿಹಾಲು’ ಮಾರುವುದನ್ನು ನೋಡಿದೆ. ಮಾರಲಿ, ಕಾಯಿಸಿ ಕುಡಿಯಿರಿ ಎಂದು ಬಾಟಲಿಯ ಮೇಲೆ ಬರೆದು ಮಾರಲಿ. ನಿಸರ್ಗದಲ್ಲಿ ಬ್ರುಸೆಲ್ಲಾ ಕೂಡ ಇದೆ.

ಆದರೆ ಕುದಿಸಿದ್ದರಿಂದಲೇ ಎಲ್ಲವೂ ಮುಗಿಯಿತೆಂದು ತಿಳಿದರೆ ಮೋಸಹೋಗುತ್ತೇವೆ. ಬೆಂಕಿಯಿಂದ ಸಾಯುವುದು ಜೀವವಿರುವ ರೋಗಾಣು. ಜೀವವಿಲ್ಲದ ವಿಷಕ್ಕೆ ಒಲೆಯ ಬೆಂಕಿ ಸಾಲದು. ಅಂಥ ವಿಷಗಳಲ್ಲಿ ಹಾಲಿಗೆ ಸಂಬಂಧಿಸಿದ ಮುಖ್ಯವಾದದ್ದು ಅಫ್ಲಾಟಾಕ್ಸಿನ್, ಬೂಷ್ಟಿನ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಸೋಂಕು ರೋಗವೆಂದು ಹುಡುಕಿದರೆ ರೋಗಾಣು ಸಿಕ್ಕಲಿಲ್ಲ. ಕೊನೆಗೆ ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ನಮ್ಮ ದೇಶದಲ್ಲಿಯೇ 1974ರಲ್ಲಿ ರಾಜಸ್ಥಾನ, ಗುಜರಾತುಗಳ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ತೊಯ್ದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. ಬಡವರು, ಎಸೆಯಲು ಬೇರೆ ಕಾಳು ಇರಲಿಲ್ಲ.

ಬೂಷ್ಟು ಹಿಡಿದ ಹಿಂಡಿಯನ್ನು ಹಸು ತಿಂದರೆ ಅದರ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಆ ವಿಷದ ಒಂದಂಶ ರೂಪ ಬದಲಿಸಿ, ಒಂದು ದಿನದೊಳಗೆ ಹಾಲಿನಲ್ಲಿ ಇಳಿಯುತ್ತದೆ. ಅದಕ್ಕೆ ಅಫ್ಲಾಟಾಕ್ಸಿನ್ ಎಂ-1 ಎಂದು ಹೆಸರು. ಕಾಯಿಸಿದರೆ ಹೋಗದು, ಹೆಪ್ಪು ಹಾಕಿದರೆ ಹೋಗದು. ಬಹುಕಾಲ ಹೊಟ್ಟೆಗೆ ಹೋದರೆ ಯಕೃತ್ತಿಗೆ ಕೇಡು. ಹಾಲನ್ನೇ ನೆಚ್ಚಿದ ಎಳೆಯ ಮಕ್ಕಳಿಗೆ ಹೆಚ್ಚಿನ ಭಯ. ನಮ್ಮ ದೇಶದ ನಿಯಮದಂತೆ ಒಂದು ಕಿಲೋ ಹಾಲಿನಲ್ಲಿ ಇದು ಅರ್ಧ ಮೈಕ್ರೋಗ್ರಾಮನ್ನು ಮೀರಬಾರದು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲಿನ ಅರ್ಧ. ನಾಲಿಗೆಗೆ ಇದು ಎಟುಕುವ ಮಾತಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿತು. ಎಲ್ಲರೂ ಹೆದರಿದ್ದು ಯೂರಿಯ, ಸಾಬೂನು ಪುಡಿಗಳ ಕಲಬೆರಕೆಗೆ. ಅಪಾಯಕಾರಿ ಕಲಬೆರಕೆ ಕಂಡದ್ದು 12 ಮಾದರಿಗಳಲ್ಲಿ ಮಾತ್ರ. ಮಿತಿಮೀರಿದ ಅಫ್ಲಾಟಾಕ್ಸಿನ್ ಕಂಡದ್ದು 368ರಲ್ಲಿ. ಆಂಟಿಬಯಾಟಿಕ್ ಔಷಧದ ಉಳಿಕೆ 77ರಲ್ಲಿ. ಅಂದರೆ ಹಾಲು ಮಾರುವವನ ದುರಾಸೆಗಿಂತ ಕೊಟ್ಟಿಗೆಯ ಅಜಾಗ್ರತೆಯೇ ಹೆಚ್ಚು ಕೇಡು ಮಾಡಿತ್ತು. ನೂರಕ್ಕೆ 93 ಮಾದರಿಗಳು ಸುರಕ್ಷಿತವಾಗಿದ್ದವೆಂಬುದನ್ನೂ ಹೇಳಬೇಕು. ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ: ಆ ಸಮೀಕ್ಷೆ ನಡೆದದ್ದು 50 ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ. ನೀವು ನಾವು ಕರೆದು ಕುಡಿಯುವ ಹಾಲನ್ನು ಯಾರೂ ಪರೀಕ್ಷಿಸಿಲ್ಲ.

ಮಲೆನಾಡಿನಲ್ಲಿ ಈ ಪ್ರಶ್ನೆಗೆ ಕಾಡಿನ ಸಂಬಂಧವೂ ಇದೆ. ಮಲೆನಾಡು ಗಿಡ್ಡ ಹಸು ಬೆಟ್ಟ ಬ್ಯಾಣಗಳಲ್ಲಿ ಮೇದು ಬಂದು ಎರಡು ಲೋಟ ಹಾಲು ಕೊಡುತ್ತಿತ್ತು. ಬ್ಯಾಣಕ್ಕೆ ಅಕೇಶಿಯ ಬಂತು, ಗೋಮಾಳಕ್ಕೆ ಬೇಲಿ ಬಂತು, ಕೊಟ್ಟಿಗೆಗೆ ಮಿಶ್ರತಳಿಯ ಹಸು ಬಂತು. ಅದಕ್ಕೆ ಹಿಂಡಿ ಚೀಲ ಬೇಕು. ಒಣನಾಡಿನಲ್ಲಿ ಕಟ್ಟಿದ ಆ ಚೀಲ ಆಷಾಢದ ನಮ್ಮ ಜಗಲಿಯ ನೆಲದ ಮೇಲೆ ತಿಂಗಳು ಕುಳಿತರೆ ಏನಾಗುತ್ತದೆಂದು ನಿಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ನಮ್ಮದು. ಅದರ ಮೇಲೆ ನಮ್ಮದೊಂದು ಹಳೆಯ ರೂಢಿ: ಮನುಷ್ಯರಿಗಾಗದ ಮುಗ್ಗಲು ಅಕ್ಕಿ, ಕಪ್ಪಾದ ಶೇಂಗಾ, ಬೂಷ್ಟು ಬಂದ ಕೊಬ್ಬರಿ, ಎಲ್ಲವೂ ಅಕ್ಕಚ್ಚಿನ ಬಾನಿಗೆ. ಹಾಳು ಮಾಡಬಾರದೆಂಬ ಒಳ್ಳೆಯ ಬುದ್ಧಿಯೇ ಅದು. ಮೂರನೆಯ ದಿನ ಅದು ಮಗುವಿನ ಲೋಟಕ್ಕೆ ಬಂದಿರುತ್ತದೆ. ಸಮಾಧಾನದ ಮಾತೆಂದರೆ, ಕೆಟ್ಟ ಹಿಂಡಿಯನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ. ಚೀಲವನ್ನು ಗೋಡೆಗೆ ತಾಗದಂತೆ ಅಟ್ಟಣೆಯ ಮೇಲಿಡಿ, ಮಳೆಗಾಲಕ್ಕೆ ಒಟ್ಟಿಗೆ ತಂದು ರಾಶಿ ಹಾಕಬೇಡಿ, ಗಂಟು ಕಟ್ಟಿದ್ದನ್ನು ಬಿಸಿಲಿಗೆ ಒಣಗಿಸಿ ಮತ್ತೆ ಹಾಕಬೇಡಿ. ಬಿಸಿಲಿಗೆ ಬೂಷ್ಟು ಉದುರುತ್ತದೆ, ವಿಷ ಉಳಿಯುತ್ತದೆ.

ಔಷಧದ ಉಳಿಕೆಯ ವಿಷಯ ಚಿಕ್ಕದು. ಕೆಚ್ಚಲು ಬಾವಿಗೆ ಮದ್ದು ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಬಳಸಬಾರದೆಂದು ವೈದ್ಯರನ್ನು ಕೇಳಿ, ಅಷ್ಟು ದಿನ ಚೆಲ್ಲಿ. ಒಳ್ಳೆಯ ಹೆಪ್ಪು ಹಾಕಿಯೂ ಮೊಸರು ಕಟ್ಟದಿದ್ದರೆ ಹೆಪ್ಪನ್ನು ಬೈಯುವ ಮುನ್ನ ಹಸುವಿಗೆ ಏನು ಮದ್ದು ನಡೆದಿದೆ ಎಂದು ನೆನಪಿಸಿಕೊಳ್ಳಿ. ಮೊಸರು ಮಾಡುವ ಜೀವಾಣುಗಳನ್ನೂ ಆ ಮದ್ದು ಕೊಲ್ಲುತ್ತದೆ. ಪ್ರಯೋಗಾಲಯಗಳ ಒಂದು ಬಗೆಯ ಪರೀಕ್ಷೆಗೂ ಇದೇ ತತ್ತ್ವ ಆಧಾರ.

ಕಂದು ರೋಗಕ್ಕೆ ಮತ್ತೆ ಬರುತ್ತೇನೆ. ಕೆಲವು ದೇಶಗಳಲ್ಲಿ ಸೋಂಕಿನ ದನಗಳನ್ನು ಹುಡುಕಿ ಕೊಂದು ರೋಗವನ್ನು ನಿರ್ಮೂಲ ಮಾಡಿದರು. ಆ ಮಾರ್ಗ ನಮ್ಮಲ್ಲಿ ನಡೆಯುವುದಿಲ್ಲ. ನಮಗಿರುವುದು ಲಸಿಕೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಎಸ್-19 ಎಂಬ ಲಸಿಕೆಯನ್ನು ಜೀವಮಾನದಲ್ಲಿ ಒಂದೇ ಸಲ ಹಾಕುತ್ತಾರೆ. ವಯಸ್ಸು ಮೀರಿದರೆ ಹಾಕಿಸುವಂತಿಲ್ಲ. ಗಬ್ಬದ ಹಸುವಿಗೆ ಹಾಕಿದರೆ ಅದರಿಂದಲೇ ಕಂದು ಹಾಕಬಹುದು. ಕಂದು ಹಾಕಿದ ಹಸುವನ್ನು ಬೇರೆ ಕಟ್ಟಿ, ಕಸವನ್ನೂ ಸತ್ತ ಕರುವನ್ನೂ ನಾಯಿ ಎಳೆಯದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಳ್ಳಕ್ಕೆ ಎಸೆಯಬೇಡಿ, ಗೊಬ್ಬರಗುಂಡಿಗೆ ಹಾಕಬೇಡಿ. ನೆರಳಿನ ಒದ್ದೆಯಲ್ಲಿ ಈ ರೋಗಾಣು ತಿಂಗಳುಗಟ್ಟಲೆ ಬದುಕುತ್ತದೆ, ನೆರಳೂ ಒದ್ದೆಯೂ ನಮ್ಮಲ್ಲಿ ಧಾರಾಳ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಹಸುವನ್ನು ಮಾರಬೇಡಿ. ನಷ್ಟದ ಮಾತೆಂದು ನಾನು ಬಲ್ಲೆ. ಕೊಳ್ಳುವವನೂ ನಿಮ್ಮಂತೆಯೇ ಸಾಲ ಮಾಡಿ ಕೊಳ್ಳುವವನು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ನಿಮ್ಮ ಮನೆಯ ಹೆಣ್ಣುಕರು ಯಾವ ತಿಂಗಳಲ್ಲಿ ಹುಟ್ಟಿತು, ಕಳೆದ ಎರಡು ವರ್ಷಗಳಲ್ಲಿ ಯಾವ ಹಸುವಾದರೂ ಕಂದು ಹಾಕಿತೆ, ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಬರುವ ಜ್ವರವಿದೆಯೆ ಎಂಬ ಮೂರನ್ನೇ ಬರೆದು ಹೋಗಿ. ಬರೆಯಲು ಬಾರದ ಹಿರಿಯರಿಗೆ ವಿದ್ಯಾರ್ಥಿಗಳು ಬರೆದುಕೊಡಲಿ. ಬರುವ ಸೋಮವಾರ ಅದನ್ನು ತೆಗೆದುಕೊಂಡು ನಾನೇ ಪಶು ಆಸ್ಪತ್ರೆಗೆ ಹೋಗುತ್ತೇನೆ.